ಅಜ್ಜನ ಕಿಸೆಗಡಿಯಾರ

ನಮ್ಮ ಮನೆಯಲ್ಲಿ ಎಂಬತ್ತೆರಡು ವರ್ಷಗಳ ಕಾಲ ಒಂದು ಕಿಸೆಗಡಿಯಾರವಿತ್ತು. 1931ರಲ್ಲಿ ನನ್ನ ಅಜ್ಜನವರು ಅದನ್ನು ಕೊಂಡರು. 2013ರಲ್ಲಿ ನಾನು ಅದನ್ನು ಮಾರಿದೆ. ಮಾರಿದ್ದರಲ್ಲಿ ದೋಷವೇನೂ ಇರಲಿಲ್ಲ. ಮಾರುವ ಗಳಿಗೆಯಲ್ಲಿ ನಾನು ಆಡಿದ ಒಂದು ಮಾತಿನಲ್ಲಿ ದೋಷವಿತ್ತು. ಆ ಮಾತಿನ ಪ್ರತಿಯೊಂದು ಶಬ್ದವೂ ನಿಜವಾಗಿತ್ತು. ಒಟ್ಟು ಮಾತು ಮಾತ್ರ ಸುಳ್ಳಾಗಿತ್ತು. ಈ ಸಂಗತಿಯನ್ನು ನಮ್ಮ ಊರಿನ ಬಸದಿಯ ಟ್ರಸ್ಟಿನವರ ಮುಂದೆ ಅಂದೇ ನಿವೇದಿಸಿಕೊಂಡಿದ್ದೇನೆ. ಆದರೂ ಹಳೆಯ ವಸ್ತುಗಳು ಇರುವ ಮನೆಗಳು ನಮ್ಮ ಸಮಾಜದಲ್ಲಿ ಅನೇಕವಿವೆ. ಅವುಗಳನ್ನು ಕೇಳಿಕೊಂಡು ಬರುವವರೂ ಈಗ ಹೆಚ್ಚಾಗಿದ್ದಾರೆ. ನನಗೆ ಒದಗಿದ ಸಂದರ್ಭ ಇತರರಿಗೂ ಒದಗಬಹುದೆಂಬ ಕಾರಣದಿಂದ ಇದನ್ನು ಬರೆದಿಡುತ್ತಿದ್ದೇನೆ.

ಅಜ್ಜನವರು ಹುಬ್ಬಳ್ಳಿಯಲ್ಲಿ ಕಾಳುಕಡಿಯ ವ್ಯಾಪಾರ ಮಾಡಿಕೊಂಡಿದ್ದರು. ಹುಬ್ಬಳ್ಳಿ ಆ ಕಾಲಕ್ಕಾಗಲೇ ರೈಲ್ವೆಯ ಊರಾಗಿತ್ತು. ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯ ದೊಡ್ಡ ವರ್ಕ್‌ಶಾಪ್ ಅಲ್ಲಿತ್ತು. ಸೇವೆಯಿಂದ ನಿವೃತ್ತನಾಗಿ ವಿಲಾಯಿತಿಗೆ ಹೊರಟಿದ್ದ ಒಬ್ಬ ಎಂಜಿನ್ ಡ್ರೈವರ್ ತನ್ನ ಮನೆಯ ಸಾಮಾನುಗಳನ್ನು ಮಾರುತ್ತಿದ್ದಾಗ ಅಜ್ಜನವರು ಮೂವತ್ತೈದು ರೂಪಾಯಿ ಕೊಟ್ಟು ಈ ಗಡಿಯಾರವನ್ನು ತಂದರು. ಬೆಳ್ಳಿಯ ಕೇಸು, ಬಿಳಿಯ ಎನಾಮೆಲಿನ ಡಯಲು, ರೋಮನ್ ಅಂಕಿಗಳು, ಆರರ ಅಂಕಿ ಇರಬೇಕಾದಲ್ಲಿ ಸೆಕೆಂಡಿನ ಪುಟ್ಟ ವೃತ್ತ. ಅದು ಅಮೆರಿಕದ ವಾಲ್ಥಮ್ ಕಂಪನಿಯ ತಯಾರಿಕೆ. ಯಂತ್ರದ ಮೇಲೆ ಕೆತ್ತಿದ್ದ ಸಂಖ್ಯೆಯನ್ನು ಹಿಡಿದು ನೋಡಿದರೆ ಸುಮಾರು 1900ರಲ್ಲಿ ತಯಾರಾದದ್ದೆಂದು ಬಹಳ ವರ್ಷಗಳ ಮೇಲೆ ನನಗೆ ತಿಳಿಯಿತು. ಅಂದರೆ ಭಾರತಕ್ಕೆಲ್ಲ ಒಂದೇ ಕಾಲಮಾನ ಜಾರಿಗೆ ಬಂದ 1906ಕ್ಕಿಂತಲೂ ಅದು ಹಳೆಯದು.

ಅಜ್ಜನವರು ಗಡಿಯಾರವನ್ನು ಕೊಂಡದ್ದು ಅಲಂಕಾರಕ್ಕಲ್ಲ. ಅವರಿಗೆ ದಿನಕ್ಕೆ ಎರಡು ಬಾರಿ ಅದರ ಅಗತ್ಯ ಬೀಳುತ್ತಿತ್ತು. ಬೆಳಿಗ್ಗೆ ಸಾಮಾಯಿಕಕ್ಕೆ ಕುಳಿತಾಗ ಅದನ್ನು ಎದುರಿನ ಮಣೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಎರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ, ಪೂರ್ಣವಾಗುವವರೆಗೆ ಅವರು ಏಳುತ್ತಿರಲಿಲ್ಲ. ಮಳೆಗಾಲದಲ್ಲಿ ಮೋಡ ಕವಿದು ಸೂರ್ಯ ಕಾಣದ ದಿನಗಳಲ್ಲಿ, ಪಂಚಾಂಗದಲ್ಲಿ ಸೂರ್ಯಾಸ್ತದ ವೇಳೆಯನ್ನು ನೋಡಿ, ಗಡಿಯಾರವನ್ನು ಎಡಗೈಯಲ್ಲಿ ಹಿಡಿದುಕೊಂಡೇ ಅಜ್ಜಿಗೆ ಊಟ ಬಡಿಸಲು ಹೇಳುತ್ತಿದ್ದರು. ರಾತ್ರಿ ಮಲಗುವ ಮುನ್ನ ಅದಕ್ಕೆ ಚಾವಿ ಕೊಡುವುದು ಮಕ್ಕಳಾದ ನಮಗೆ ಸಿಗುತ್ತಿದ್ದ ಗೌರವ. ಬಿಗಿಯಾಗುತ್ತಿದ್ದಂತೆಯೇ ನಿಲ್ಲಿಸಬೇಕು, ಒಂದು ಸುತ್ತು ಹೆಚ್ಚಾಗಿ ತಿರುಗಿಸಿದವನಿಗೆ ಮುಂದಿನ ವಾರ ಸರದಿ ಇರುತ್ತಿರಲಿಲ್ಲ.

ಹಿಂದಿನ ಮುಚ್ಚಳವನ್ನು ತೆರೆದು ಅಜ್ಜನವರು ಒಳಗಿನ ಯಂತ್ರವನ್ನು ನಮಗೆ ತೋರಿಸುತ್ತಿದ್ದರು. ಚಾವಿ ಕೊಟ್ಟಾಗ ಸುರುಳಿಯಾಗಿ ಬಿಗಿಯುವ ಮುಖ್ಯ ಸ್ಪ್ರಿಂಗು ಮೆಲ್ಲಗೆ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಅದು ಒಮ್ಮೆಲೇ ಬಿಚ್ಚಿಕೊಂಡುಬಿಟ್ಟರೆ ಮುಳ್ಳುಗಳು ಕ್ಷಣದಲ್ಲಿ ಗಿರ್ರನೆ ತಿರುಗಿ ನಿಂತುಹೋಗುತ್ತವೆ. ಹಾಗಾಗದಂತೆ ಒಂದು ಪುಟ್ಟ ಸನ್ನೆಕೋಲು ಕೊನೆಯ ಚಕ್ರವನ್ನು ಒಂದೊಂದೇ ಹಲ್ಲಿನಂತೆ ತಡೆದು ತಡೆದು ಬಿಡುತ್ತದೆ. ಆ ಸನ್ನೆಕೋಲಿಗೆ ಲಯವನ್ನು ಕೊಡುವುದು ಕೂದಲೆಳೆಯಂಥ ಸ್ಪ್ರಿಂಗಿನಿಂದ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಅಂಥ ಗಡಿಯಾರದಲ್ಲಿ ಅದು ಗಂಟೆಗೆ 18,000 ಬಾರಿ ಬಡಿಯುತ್ತದೆ. ಸೆಕೆಂಡಿಗೆ ಐದು ಸಲ. ನಾನು ಮುಂದೆ ಗಣಿತದ ಮಾಸ್ತರನಾದ ಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಅಜ್ಜನವರ ಒಂದು ಸಾಮಾಯಿಕದಲ್ಲಿ ಆ ಚಕ್ರ 14,400 ಬಾರಿ ಬಡಿಯುತ್ತಿತ್ತು. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುವ ಗಡಿಯಾರವನ್ನು ನಾವು ಕೆಟ್ಟದ್ದೆಂದು ದೂರುತ್ತೇವೆ. ಆದರೆ ದಿನಕ್ಕೆ 86,400 ಸೆಕೆಂಡುಗಳೆಂಬುದನ್ನು ನೆನೆದರೆ ಆ ದೋಷ 2,880ರಲ್ಲಿ ಒಂದು ಪಾಲು ಮಾತ್ರ. ಮನುಷ್ಯನ ಮಾತಿಗೆ ಅಷ್ಟು ನಿಖರತೆ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಈ ಗಡಿಯಾರಗಳ ಹುಟ್ಟಿನ ಬಗೆಗೆ ಎರಡು ಮಾತು ಹೇಳಬೇಕು. ಮುಂದಿನ ಕಥೆಗೆ ಅದು ಅಗತ್ಯ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಗಡಿಯಾರವೆಂದರೆ ಕುಶಲಕರ್ಮಿಗಳು ಒಂದೊಂದಾಗಿ ಕೈಯಿಂದ ಹೊಂದಿಸಿ ಮಾಡುತ್ತಿದ್ದ ವಸ್ತು. ಒಂದರ ಚಕ್ರ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. 1850ರಲ್ಲಿ ಆ್ಯರನ್ ಡೆನಿಸನ್, ಎಡ್ವರ್ಡ್ ಹೋವರ್ಡ್ ಮೊದಲಾದವರು ಅಮೆರಿಕದ ಬಾಸ್ಟನ್ನಿನ ಬಳಿಯಲ್ಲಿ ಒಂದು ಕಾರ್ಖಾನೆಯನ್ನು ಆರಂಭಿಸಿದರು. ಗಡಿಯಾರದ ಬಿಡಿಭಾಗಗಳನ್ನು ಯಂತ್ರದಿಂದ ಏಕರೂಪವಾಗಿ ತಯಾರಿಸಬೇಕು, ಯಾವ ಭಾಗವಾದರೂ ಅದೇ ಮಾದರಿಯ ಯಾವ ಗಡಿಯಾರಕ್ಕಾದರೂ ಕೂಡಬೇಕು ಎಂಬುದು ಅವರ ಸಂಕಲ್ಪ. 1854ರಲ್ಲಿ ಕಾರ್ಖಾನೆ ವಾಲ್ಥಮ್ ಎಂಬ ಊರಿಗೆ ಬಂತು; 1857ರಲ್ಲಿ ದಿವಾಳಿಯೆದ್ದು ಬೇರೆ ಒಡೆಯರ ಕೈಗೆ ಹೋಯಿತು; ಆದರೆ ಸಂಕಲ್ಪ ಉಳಿಯಿತು. 1876ರಲ್ಲಿ ಫಿಲಡೆಲ್ಫಿಯಾದ ಮಹಾಪ್ರದರ್ಶನದಲ್ಲಿ ಅವರ ಯಂತ್ರಗಳನ್ನು ಕಂಡು ಸ್ವಿಸ್ ಗಡಿಯಾರ ತಯಾರಕರೇ ಎಚ್ಚತ್ತುಕೊಂಡರು. 1957ರಲ್ಲಿ ಅಲ್ಲಿ ಗಡಿಯಾರಗಳ ತಯಾರಿಕೆ ನಿಂತಿತು. ಬಿಡಿಭಾಗಗಳು ಒಂದರಿಂದೊಂದಕ್ಕೆ ಕೂಡುವುದರಿಂದಲೇ ಕೆಟ್ಟ ಗಡಿಯಾರ ಬಡವನ ಮನೆಯಲ್ಲಿಯೂ ಮತ್ತೆ ನಡೆಯುವಂತಾಯಿತು. ಎರಡು ಗಡಿಯಾರಗಳ ಭಾಗಗಳನ್ನು ಕೂಡಿಸಿದರೂ ಹೊರಗಿನವರಿಗೆ ಗೊತ್ತಾಗದಂತಾದದ್ದೂ ಅದರಿಂದಲೇ.

ರೈಲ್ವೆಯವರು ಇಂಥ ಗಡಿಯಾರಗಳನ್ನು ಏಕೆ ಆದರಿಸುತ್ತಿದ್ದರೆಂಬುದಕ್ಕೂ ಒಂದು ಕಥೆಯಿದೆ. 1891ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ ಎರಡು ರೈಲುಗಳು ಎದುರುಬದುರಾಗಿ ಡಿಕ್ಕಿ ಹೊಡೆದು ಹಲವರು ಸತ್ತರು. ಒಬ್ಬ ಡ್ರೈವರಿನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ತಾನಾಗಿ ನಡೆದಿತ್ತೆಂಬುದೇ ಕಾರಣವೆಂದು ಹೇಳಲಾಯಿತು. ಅನಂತರ ಕ್ಲೀವ್‌ಲ್ಯಾಂಡಿನ ವೆಬ್ ಬಾಲ್ ಎಂಬ ಆಭರಣ ವ್ಯಾಪಾರಿಯನ್ನು ರೈಲ್ವೆಯ ಗಡಿಯಾರಗಳ ತಪಾಸಣೆಗೆ ನೇಮಿಸಿದರು. ವಾರಕ್ಕೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ತಪ್ಪುವ ಗಡಿಯಾರ ರೈಲ್ವೆಯ ಕೆಲಸಕ್ಕೆ ಸಲ್ಲದೆಂಬ ನಿಯಮ ಬಂದದ್ದು ಹೀಗೆ. ಪೂರ್ತಿ ನಿಂತ ಗಡಿಯಾರ ಯಾರನ್ನೂ ವಂಚಿಸುವುದಿಲ್ಲ. ನೋಡಿದವರಿಗೆ ಕೂಡಲೇ ತಿಳಿಯುತ್ತದೆ. ನಾಲ್ಕು ನಿಮಿಷ ನಿಂತು ಮತ್ತೆ ನಡೆಯುವ ಗಡಿಯಾರ ಅಪಾಯಕರ. ಅದು ಸದ್ದು ಮಾಡುತ್ತಿರುತ್ತದೆ, ಮುಳ್ಳುಗಳು ಚಲಿಸುತ್ತಿರುತ್ತವೆ, ನಂಬಿಕೆ ಹುಟ್ಟುತ್ತದೆ.

ಇನ್ನು ನಮ್ಮ ಗಡಿಯಾರದ ಕಥೆ. 1943ರಲ್ಲಿ ಧಾನ್ಯದ ಅಭಾವ ತಲೆದೋರಿತು. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಆಳುಮಕ್ಕಳ ಮನೆಗಳಲ್ಲಿ ಒಲೆ ಉರಿಯದ ದಿನಗಳು ಬಂದವು. ಅಂಗಡಿಯಲ್ಲಿದ್ದ ಜೋಳವನ್ನು ಅಜ್ಜನವರು ಕೊಟ್ಟು ಮುಗಿಸಿದ್ದರು. ಆಗ ಅವರು ಗಡಿಯಾರದ ಯಂತ್ರವನ್ನು ಹೊರತೆಗೆಸಿ, ಬೆಳ್ಳಿಯ ಕೇಸನ್ನು ಪತ್ತಾರನ ಅಂಗಡಿಯಲ್ಲಿ ತೂಕಕ್ಕೆ ಹಾಕಿ, ಬಂದ ಹಣದಿಂದ ಮತ್ತಷ್ಟು ಜೋಳ ತರಿಸಿದರು. ಯಂತ್ರ ಒಂದು ಸಾಧಾರಣ ನಿಕ್ಕಲ್ ಕೇಸಿನೊಳಗೆ ಸೇರಿತು. ಅಜ್ಜಿ ಬೇಸರಪಟ್ಟಾಗ ಅಜ್ಜ ಹೇಳಿದ್ದ ಮಾತು ನಮ್ಮ ಮನೆಯಲ್ಲಿ ಗಾದೆಯಂತೆ ಉಳಿದಿದೆ: “ಬೆಳ್ಳಿ ಹೋತು, ವ್ಯಾಳೆ ಹೋಗಲಿಲ್ಲ.”

1968ರಲ್ಲಿ ನಾನು ಕಾಲೇಜಿನ ವಿದ್ಯಾರ್ಥಿ. ಪರೀಕ್ಷೆಗೆ ಹೋಗುವಾಗ ಹಟ ಹಿಡಿದು ಗಡಿಯಾರವನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ಬಾವಿಕಟ್ಟೆಯ ಕಲ್ಲಿನ ಮೇಲೆ ಬೀಳಿಸಿದೆ. ತಾಮ್ರದ ತಗಡಿನ ಮೇಲೆ ಗಾಜಿನಂಥ ಪುಡಿಯನ್ನು ಹಾಕಿ ಕುಲುಮೆಯಲ್ಲಿ ಕರಗಿಸಿ ಮಾಡುವ ಎನಾಮೆಲಿನ ಡಯಲು ನೂರು ವರ್ಷವಾದರೂ ಬಣ್ಣಗೆಡುವುದಿಲ್ಲ. ಆದರೆ ಬಿದ್ದರೆ ಬಟ್ಟಲಿನಂತೆ ಒಡೆಯುತ್ತದೆ. ಡಯಲು ಮೂರು ಹೋಳಾಯಿತು, ನಿಮಿಷದ ಮುಳ್ಳು ಮುರಿಯಿತು. ಹೆದರುತ್ತ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರ ಬಳಿಗೆ ಒಯ್ದೆ. ಅವರ ಪೆಟ್ಟಿಗೆಯಲ್ಲಿ ಅದೇ ಮಾದರಿಯ, ಬೆಳ್ಳಿಯ ಕೇಸಿನ, ಕೆಟ್ಟುಹೋದ ಒಂದು ವಾಲ್ಥಮ್ ಗಡಿಯಾರವಿತ್ತು. ಅದರ ಯಂತ್ರ ತುಕ್ಕು ತಿಂದಿತ್ತು; ಕೇಸು, ಡಯಲು, ಮುಳ್ಳುಗಳು ಚೆನ್ನಾಗಿದ್ದವು. ಸಾಹೇಬರು ನಮ್ಮ ಯಂತ್ರವನ್ನು ಆ ಕೇಸಿನೊಳಗೆ ಕೂಡಿಸಿದರು. ಡಯಲಿನ ಹಿಂದಿನ ಪುಟ್ಟ ಕಾಲುಗಳು ನಮ್ಮ ಯಂತ್ರದ ರಂಧ್ರಗಳಲ್ಲಿ ಅಳತೆ ಮಾಡಿದಂತೆ ಕುಳಿತವು. ಯಂತ್ರವನ್ನು ಕೇಸಿಗೆ ಬಿಗಿಯುವ ಸ್ಕ್ರೂಗಳ ಗುರುತು ಕೂಡ ಹೊಂದಿತು. ಸಾಹೇಬರು ಗಡಿಯಾರವನ್ನು ನನ್ನ ಕೈಗಿಡುತ್ತ, “ತಮ್ಮಾ, ಇದರ ಜೀವ ಅದೇ ಅದ, ಅಂಗಿ ಅಷ್ಟ ಬ್ಯಾರೆ. ಅಜ್ಜಾರಿಗೆ ಹಂಗಂತ ಹೇಳು” ಎಂದರು.

ನಾನು ಹೇಳಿದೆ. ಅಜ್ಜನವರು ನನ್ನನ್ನು ಬಯ್ಯಲಿಲ್ಲ. ಆದರೆ ಆ ದಿನದಿಂದ ಯಾರಾದರೂ ಬೆಳ್ಳಿಯ ಗಡಿಯಾರವನ್ನು ನೋಡಿ ಮೆಚ್ಚಿದರೆ ಕೂಡಲೇ, “ಒಳಗಿಂದು ನಂದು, ಹೊರಗಿಂದು ಯಾರದೋ” ಎನ್ನುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು. ನನಗೆ ಅದು ವಯಸ್ಸಾದವರ ಚಪಲವೆಂದು ಕಾಣುತ್ತಿತ್ತು. 1971ರಲ್ಲಿ ಅಜ್ಜನವರು ತೀರಿಕೊಂಡರು. ತಂದೆಯವರ ಕೈಯಲ್ಲಿ ಎಚ್.ಎಂ.ಟಿ. ಕೈಗಡಿಯಾರ ಬಂದಿತ್ತು. 1961ರಲ್ಲಿ ಬೆಂಗಳೂರಿನಲ್ಲಿ ಅವುಗಳ ತಯಾರಿಕೆ ಆರಂಭವಾದ ಮೇಲೆ ನಮ್ಮಂಥ ಮನೆಗಳಲ್ಲಿ ಕಿಸೆಗಡಿಯಾರವನ್ನು ಕೇಳುವವರಿರಲಿಲ್ಲ. ಅಜ್ಜನ ಗಡಿಯಾರ ಟ್ರಂಕಿನಲ್ಲಿ, ಅವರ ಧೋತರದ ಮಡಿಕೆಯ ನಡುವೆ ನಲವತ್ತು ವರ್ಷ ಮಲಗಿತು.

2013ರ ಬೇಸಿಗೆಯಲ್ಲಿ ನಮ್ಮ ಬಸದಿಯ ಗರ್ಭಗೃಹದ ಚಾವಣಿ ಸೋರತೊಡಗಿತ್ತು. ಜೀರ್ಣೋದ್ಧಾರಕ್ಕೆ ಪ್ರತಿ ಮನೆಯವರೂ ಯಥಾಶಕ್ತಿ ಕೊಡಬೇಕೆಂದು ಟ್ರಸ್ಟಿನವರು ಕೇಳಿಕೊಂಡರು. ನಾನು ನಿವೃತ್ತಿವೇತನದ ಮೇಲೆ ಇರುವವನು. ಅಜ್ಜನವರ ಹೆಸರಿನಲ್ಲಿ ಇಪ್ಪತ್ತೈದು ಸಾವಿರವನ್ನಾದರೂ ಕೊಡಬೇಕೆಂಬ ಆಸೆ, ಕೈಯಲ್ಲಿ ಅಷ್ಟಿಲ್ಲ. ಅದೇ ವೇಳೆಗೆ ಪರಿಚಿತರೊಬ್ಬರ ಮೂಲಕ ಹಳೆಯ ಗಡಿಯಾರಗಳನ್ನು ಸಂಗ್ರಹಿಸುವ ಬೆಂಗಳೂರಿನ ನಿವೃತ್ತ ಎಂಜಿನಿಯರ್ ಒಬ್ಬರು ಮನೆಗೆ ಬಂದರು. ಸಜ್ಜನರು. ಭೂತಗನ್ನಡಿಯನ್ನು ಕಣ್ಣಿಗಿಟ್ಟುಕೊಂಡು ಅವರು ಗಡಿಯಾರವನ್ನು ನೋಡುತ್ತಿದ್ದ ರೀತಿ ವೈದ್ಯರು ಕೂಸನ್ನು ನೋಡುವಂತಿತ್ತು. ಯಂತ್ರದ ಸಂಖ್ಯೆಯನ್ನು ಬರೆದುಕೊಂಡರು. ಡಯಲಿನ ಮೇಲೆ ಕೂದಲೆಳೆಯ ಬಿರುಕೂ ಇಲ್ಲವೆಂದು ಸಂತೋಷಪಟ್ಟರು. ಮುಚ್ಚಳದ ಒಳಗೆ ಸ್ಕ್ರೂಗಳ ಗುರುತು ಒಂದೇ ಜೊತೆ ಇದೆಯೇ ಎಂದು ಪರೀಕ್ಷಿಸಿದರು. ಎರಡು ಜೊತೆ ಗುರುತುಗಳಿದ್ದರೆ ಆ ಕೇಸಿನಲ್ಲಿ ಬೇರೊಂದು ಯಂತ್ರವಿತ್ತೆಂದು ಅರ್ಥವಂತೆ. ಹೀಗೆ ಬೇರೆ ಬೇರೆ ಗಡಿಯಾರಗಳ ಭಾಗಗಳು ಕೂಡಿದ್ದನ್ನು ಸಂಗ್ರಾಹಕರು ‘ಮ್ಯಾರೇಜ್’ ಎನ್ನುತ್ತಾರಂತೆ. ಅದಕ್ಕೆ ಬೆಲೆ ಅರ್ಧಕ್ಕೂ ಇಳಿಯುವುದುಂಟು. ಆ ಕಾಲದ ಅಮೆರಿಕದಲ್ಲಿ ಯಂತ್ರವನ್ನೂ ಕೇಸನ್ನೂ ಬೇರೆ ಬೇರೆಯಾಗಿ ಮಾರುತ್ತಿದ್ದು, ಗಿರಾಕಿ ಆರಿಸಿಕೊಂಡದ್ದನ್ನು ಅಂಗಡಿಯವನೇ ಕೂಡಿಸಿಕೊಡುತ್ತಿದ್ದನಾದ್ದರಿಂದ, ಕೇಸಿನ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಮನೆತನದವರ ಮಾತೇ ಆಧಾರ ಎಂದರು.

ಆಮೇಲೆ ಅವರು ನನ್ನನ್ನು ನೇರವಾಗಿ ಕೇಳಿದರು: “ಸರ್, ಈ ಕೇಸು, ಡಯಲು ಮೊದಲಿನಿಂದ ಇದರದೇ ತಾನೆ?”

ನಾನು ಒಂದು ಕ್ಷಣ ತಡೆದೆ. ಅನಂತರ ಹೇಳಿದೆ: “ನಮ್ಮ ಅಜ್ಜನವರು 1931ರಲ್ಲಿ ಕೊಂಡದ್ದು ಬೆಳ್ಳಿಯ ಕೇಸಿನ ವಾಲ್ಥಮ್ ಗಡಿಯಾರವನ್ನೇ. ಅಂದಿನಿಂದ ಗಡಿಯಾರ ನಮ್ಮ ಮನೆಯಲ್ಲೇ ಇದೆ.”

ವಾಚಕರು ಈ ಎರಡು ವಾಕ್ಯಗಳನ್ನು ಪರೀಕ್ಷಿಸಬಹುದು. ಅವುಗಳಲ್ಲಿ ಒಂದಾದರೂ ಸುಳ್ಳು ಶಬ್ದವಿಲ್ಲ. ಅವರು ತಲೆದೂಗಿ ನಲವತ್ತೆರಡು ಸಾವಿರ ರೂಪಾಯಿ ಎಣಿಸಿಕೊಟ್ಟರು. ಇಪ್ಪತ್ತೈದು ಸಾವಿರವನ್ನು ನಾನು ಮರುದಿನವೇ ಬಸದಿಯ ಟ್ರಸ್ಟಿಗೆ ಕೊಟ್ಟು ಅಜ್ಜನವರ ಹೆಸರಿನಲ್ಲಿ ರಸೀದಿ ಪಡೆದೆ. ಉಳಿದದ್ದು ಮೊಮ್ಮಗಳ ಕಾಲೇಜಿನ ಫೀಸಿಗೆ ಹೋಯಿತು. ಒಳಗೆ ಏನೋ ಚುಚ್ಚಿದಾಗಲೆಲ್ಲ ನನ್ನನ್ನು ನಾನು ಸಮಾಧಾನಪಡಿಸಿಕೊಂಡೆ: ಅವರು ಪರಿಣತರು, ನೋಡಿಯೇ ಕೊಂಡರು, ಹಣ ಧರ್ಮಕಾರ್ಯಕ್ಕೇ ಸಂದಿತು.

ಆ ಭಾದ್ರಪದದಲ್ಲಿ ದಶಲಕ್ಷಣ ಪರ್ವ ನಡೆಯಿತು. ಮೂರನೆಯ ದಿನ ಉತ್ತಮ ಆರ್ಜವ. ಪಂಡಿತರು ಆರ್ಜವವೆಂದರೆ ಋಜುತ್ವ, ಮನಸ್ಸು, ಮಾತು, ಕಾಯಗಳು ಒಂದೇ ಗೆರೆಯಲ್ಲಿರುವುದು ಎಂದು ವಿವರಿಸಿದರು. ಮಾಯೆ ಸುಳ್ಳಿನ ರೂಪದಲ್ಲಿಯೇ ಬರಬೇಕೆಂದಿಲ್ಲ, ನಿಜವನ್ನು ಜಾಣತನದಿಂದ ಜೋಡಿಸುವುದರಲ್ಲಿಯೂ ಇರುತ್ತದೆ ಎಂದರು. ಪ್ರವಚನ ಮುಗಿದ ಮೇಲೆ ಜೀರ್ಣೋದ್ಧಾರಕ್ಕೆ ದಾನ ಕೊಟ್ಟವರ ಹೆಸರುಗಳನ್ನು ಓದಿದರು. ಅಜ್ಜನವರ ಹೆಸರು ಕೇಳಿಸಿತು. ನಾಲ್ಕು ಜನ ನನ್ನತ್ತ ತಿರುಗಿ ನೋಡಿ ಕೈಮುಗಿದರು. ಕೇಳದವರಿಗೂ “ಹೊರಗಿಂದು ಯಾರದೋ” ಎಂದು ಹೇಳುತ್ತಿದ್ದವರ ಹೆಸರು ಅದು. ಕೇಳಿದವರಿಗೂ ಹೇಳದವನು ಅಲ್ಲಿ ಕುಳಿತಿದ್ದೆ. ನನಗೆ ಅಲ್ಲಿರಲಾಗಲಿಲ್ಲ.

ಮನೆಗೆ ಬಂದು ರತ್ನಕರಂಡಕ ಶ್ರಾವಕಾಚಾರವನ್ನು ತೆಗೆದು ನೋಡಿದೆ. ಸಮಂತಭದ್ರಾಚಾರ್ಯರು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ಸದೃಶಸನ್ಮಿಶ್ರ’ವೂ ಒಂದು. ನೋಡಲು ಒಂದೇ ತೆರನಾದ ವಸ್ತುಗಳನ್ನು ಬೆರೆಸಿ ಒಂದರ ಬೆಲೆಗೆ ಇನ್ನೊಂದನ್ನು ಕೊಡುವುದು ಅದರ ಅರ್ಥ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಇದನ್ನೇ ‘ಪ್ರತಿರೂಪಕವ್ಯವಹಾರ’ವೆಂದು ಹೆಸರಿಸಿದ್ದಾರೆ. ಬಾಲ್ಯದಿಂದಲೂ ಇದನ್ನು ಕೇಳುವಾಗ ನನಗೆ ತುಪ್ಪದಲ್ಲಿ ಎಣ್ಣೆ ಬೆರೆಸುವ ಅಂಗಡಿಕಾರನ ನೆನಪಾಗುತ್ತಿತ್ತು. ಗಣಿತದ ಮಾಸ್ತರನಿಗೂ ಅದಕ್ಕೂ ಸಂಬಂಧವೇನೆಂದುಕೊಂಡಿದ್ದೆ. ಇದನ್ನು ಆಚಾರ್ಯರು ಕಳವಿನ ಕಕ್ಷೆಯಲ್ಲಿ ಏಕೆ ಇಟ್ಟರೆಂಬುದು ಆ ರಾತ್ರಿ ಹೊಳೆಯಿತು. ನಾನು ಆಡಿದ ಮಾತಿನಿಂದ ಇನ್ನೊಬ್ಬರ ಹಣ ನನ್ನ ಕೈಗೆ ಬಂದಿತ್ತು. ಅವರು ಅದನ್ನು ಕೊಟ್ಟದ್ದು ತಮಗೆ ಇಲ್ಲದ ಒಂದು ವಸ್ತುವಿಗಾಗಿ. ಮಾತಿನ ದೋಷ ಹಣದ ದೋಷವಾಗಿತ್ತು.

ಮರುದಿನ ಎಂಜಿನಿಯರರಿಗೆ ಎಲ್ಲವನ್ನೂ ಬರೆದು ಪತ್ರ ಹಾಕಿದೆ. ಗಡಿಯಾರವನ್ನು ಹಿಂದಿರುಗಿಸಿದರೆ ಪೂರ್ಣ ಹಣವನ್ನು ಕೊಡುವುದಾಗಿಯೂ, ಇಟ್ಟುಕೊಳ್ಳುವುದಾದರೆ ಹೆಚ್ಚುವರಿ ಹಣವನ್ನು ಕೊಡುವುದಾಗಿಯೂ ಬರೆದೆ. ಹತ್ತು ದಿನಗಳ ಮೇಲೆ ಅವರ ಫೋನ್ ಬಂತು. ಅವರ ದನಿಯಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ಗಡಿಯಾರವನ್ನು ಅವರು ಆಗಲೇ ಪುಣೆಯ ಒಬ್ಬ ಸ್ನೇಹಿತರಿಗೆ ನಲವತ್ತೆಂಟು ಸಾವಿರಕ್ಕೆ ಕೊಟ್ಟುಬಿಟ್ಟಿದ್ದರು. “ನೀವು ಹೇಳಿದ ಮಾತನ್ನೇ ಅವರಿಗೆ ಹೇಳಿದೆ, ಸರ್. ಒಂದು ಮಾಸ್ತರರ ಮನೆಯದು, ಮಾತಿನ ಮೇಲೆ ಸಂಶಯಪಡಬೇಕಾದ್ದಿಲ್ಲ ಎಂದು ನಾನೇ ಸೇರಿಸಿದೆ” ಎಂದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನನ್ನ ಅರೆಸತ್ಯ ಎರಡೇ ತಿಂಗಳಲ್ಲಿ ಒಬ್ಬ ಪ್ರಾಮಾಣಿಕರ ಬಾಯಿಂದ ಪೂರ್ಣ ಸುಳ್ಳಾಗಿ ಹೊರಬಂದಿತ್ತು. ಅದು ಸುಳ್ಳೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ಕಿಪ್ಟನ್ನಿನ ಗಡಿಯಾರದಂತೆ, ತಪ್ಪಿದ್ದು ಒಂದು ಕಿಸೆಯಲ್ಲಿ, ಅದರ ಪೆಟ್ಟು ತಗುಲಿದ್ದು ಬೇರೆಯವರಿಗೆ.

ಅದೇ ಸಂಜೆ ಟ್ರಸ್ಟಿನ ಅಧ್ಯಕ್ಷರ ಮನೆಗೆ ಹೋಗಿ ಹೇಳಿಕೊಂಡೆ. ಅವರು ನನಗಿಂತ ಹಿರಿಯರು. ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಮಾಸ್ತರ್ರೇ, ಚಾವಣಿ ಇನ್ನೊಂದು ಮಳೆಗಾಲ ಸೋರಿದರೆ ತಡೆದುಕೊಳ್ಳೋಣ. ಇನ್ನೊಬ್ಬರ ಹಣದಿಂದ ಅದನ್ನು ಮುಚ್ಚುವುದು ಬೇಡ” ಎಂದರು. ಮರುದಿನ ನನ್ನ ಇಪ್ಪತ್ತೈದು ಸಾವಿರವನ್ನು ದಾನದ ಖಾತೆಯಿಂದ ತೆಗೆದು ಅನಾಮತ್ತು ಖಾತೆಗೆ ಹಾಕಿಸಿದರು. ಕಾರಣವನ್ನು ಟ್ರಸ್ಟಿನ ಸಭೆಯಲ್ಲಿ ನಾನೇ ಹೇಳಬೇಕೆಂದರು. ಹೇಳಿದೆ. ಏಳು ಜನರ ಎದುರಿಗೆ ಐದು ನಿಮಿಷ ಮಾತಾಡುವುದು ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದವನಿಗೆ ಅಷ್ಟು ಕಷ್ಟವಾದೀತೆಂದು ನಾನು ಎಣಿಸಿರಲಿಲ್ಲ.

ವ್ಯವಹಾರ ಮುಗಿಯಲು ಮೂರು ತಿಂಗಳು ಹಿಡಿಯಿತು. ಪುಣೆಯವರು ಗಡಿಯಾರವನ್ನು ಇಟ್ಟುಕೊಳ್ಳಲು ಒಪ್ಪಿದರು; ಯಂತ್ರ ಚೆನ್ನಾಗಿದೆ, ಇದ್ದುದನ್ನು ಇದ್ದಂತೆ ಹೇಳಿದ್ದರೆ ಇಪ್ಪತ್ತು ಸಾವಿರ ಕೊಡುತ್ತಿದ್ದೆನೆಂದರು. ಅವರಿಗೆ ಇಪ್ಪತ್ತೆಂಟು ಸಾವಿರ ಹಿಂದಿರುಗಬೇಕಾಯಿತು. ನಾನು ಬ್ಯಾಂಕಿನ ಮುದ್ದತ್ತು ಠೇವಣಿಯನ್ನು ಅವಧಿಗೆ ಮುನ್ನವೇ ಮುರಿದು ಇಪ್ಪತ್ತೆರಡು ಸಾವಿರ ಕೊಟ್ಟೆ. ಉಳಿದ ಆರು ಸಾವಿರವನ್ನು, ತಾವು ಪಡೆದ ಲಾಭವೆಂದು, ಎಂಜಿನಿಯರರು ತಾವೇ ಕೊಟ್ಟರು; ನಾನು ಕೊಡುತ್ತೇನೆಂದರೂ ಒಪ್ಪಲಿಲ್ಲ. ಆ ಬಳಿಕವೇ ಅಧ್ಯಕ್ಷರು ನನ್ನ ಹಣವನ್ನು ಅನಾಮತ್ತಿನಿಂದ ದಾನದ ಖಾತೆಗೆ ತಿರುಗಿ ತಂದರು. ಹಳೆಯ ರಸೀದಿಯನ್ನು ರದ್ದುಪಡಿಸಿ ಹೊಸದನ್ನು ಬರೆದುಕೊಟ್ಟರು.

ಪು​ಣೆಯವರು ಒಂದು ಕೋರಿಕೆ ಮಾಡಿದ್ದರು. ಹಿಂದೆ ಇಂಗ್ಲೆಂಡು, ಅಮೆರಿಕಗಳಲ್ಲಿ ಗಡಿಯಾರ ರಿಪೇರಿ ಮಾಡುವವರು ಕೇಸಿನ ಹಿಂಭಾಗದಲ್ಲಿ ದುಂಡಗೆ ಕತ್ತರಿಸಿದ ಒಂದು ಕಾಗದವನ್ನು ಇಡುವ ರೂಢಿಯಿತ್ತಂತೆ. ಅದರ ಮೇಲೆ ಅಂಗಡಿಯ ಹೆಸರು, ಕೆಲವೊಮ್ಮೆ ರಿಪೇರಿಯ ತಾರೀಖು ಇರುತ್ತಿತ್ತು. ಅಂಥ ಒಂದು ಕಾಗದವನ್ನು ನನ್ನ ಕೈಬರಹದಲ್ಲಿ ಬರೆದು ಕಳುಹಿಸಿ ಎಂದರು. ನಾನು ಬರೆದೆ: ಯಂತ್ರ ವಾಲ್ಥಮ್, ಸುಮಾರು 1900. ಹುಬ್ಬಳ್ಳಿಯಲ್ಲಿ ಕೊಂಡದ್ದು 1931. ಬೆಳ್ಳಿಯ ಕೇಸನ್ನು ಮಾರಿದ್ದು 1943. ಈಗಿನ ಕೇಸು, ಡಯಲು, ಮುಳ್ಳುಗಳನ್ನು ಬೇರೊಂದು ಗಡಿಯಾರದಿಂದ ತೆಗೆದು ಕೂಡಿಸಿದ್ದು 1968. ಮಾರಿದ್ದು 2013. ಜಾಗ ಸ್ವಲ್ಪ ಉಳಿದಿತ್ತು. ಮಾರುವಾಗ ಇದನ್ನು ಹೇಳಲಿಲ್ಲವೆಂಬುದನ್ನೂ ಸೇರಿಸಿದೆ.

ಸಾಹೇಬರು 1968ರಲ್ಲಿ ಮಾಡಿದ್ದು ತಪ್ಪಲ್ಲವೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಎರಡು ಕೆಟ್ಟ ಗಡಿಯಾರಗಳಿಂದ ನಡೆಯುವ ಒಂದನ್ನು ಮಾಡುವುದು ಒಳ್ಳೆಯ ಕೆಲಸ. ವಾಲ್ಥಮ್ಮಿನ ಕಾರ್ಖಾನೆಯವರ ಸಂಕಲ್ಪವೂ ಅದನ್ನೇ ಸಾಧ್ಯಮಾಡಿತ್ತು. ಕೂಡಿಸಿದ ಕೈ ನಿರ್ದೋಷವಾಗಿತ್ತು. ಅದನ್ನು ಅವರು ತಾವಾಗಿಯೇ ಹೇಳಿದ್ದರು. ಅದೇ ಜೋಡಣೆ ನನ್ನ ಕೈಯಲ್ಲಿ ಸದೃಶಸನ್ಮಿಶ್ರವಾದದ್ದು ನನ್ನ ಮೌನದಿಂದ. ಹಾಗೆಯೇ ಪರಿಗ್ರಹವೆಂದರೆ ಮೂರ್ಛೆ, ವಸ್ತುವಿನ ಮೇಲಿನ ಮಮಕಾರ, ಎಂದು ನಾವು ಕಲಿತಿದ್ದೇವೆ. ಗಡಿಯಾರವನ್ನು ಮಾರಿದ್ದರಿಂದ ಆ ಮಮಕಾರವನ್ನು ಬಿಟ್ಟೆನೆಂದು ನಾನು ಭಾವಿಸಿದ್ದೆ. ನಿಜದಲ್ಲಿ ಅದು ವಸ್ತುವಿನಿಂದ ರಸೀದಿಗೆ ವರ್ಗವಾಗಿತ್ತು. ದಾನಿಗಳ ಪಟ್ಟಿಯಲ್ಲಿ ಹೆಸರು ಬರಬೇಕೆಂಬ ಹಂಬಲವೇ ಆ ಎರಡು ವಾಕ್ಯಗಳನ್ನು ಅಷ್ಟು ನಾಜೂಕಾಗಿ ಜೋಡಿಸಿತ್ತು.

ನಮ್ಮ ಮನೆಗಳಲ್ಲಿ ಹಳೆಯ ಗಡಿಯಾರ, ಹಿತ್ತಾಳೆಯ ಸಾಮಾನು, ಬೆಳ್ಳಿಯ ತಟ್ಟೆ, ಮರದ ಪೆಟ್ಟಿಗೆಗಳಿರುತ್ತವೆ. ಕುಟುಂಬದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಅವುಗಳ ವೃತ್ತಾಂತವನ್ನು ತಿಳಿದವರು ಬದುಕಿರುವಾಗಲೇ ಒಂದು ಚೀಟಿಯಲ್ಲಿ ಬರೆದು ವಸ್ತುವಿನೊಡನೆ ಇಡಿ. ಎಲ್ಲಿಂದ ಬಂತು, ಏನು ಮುರಿಯಿತು, ಏನನ್ನು ಬದಲಾಯಿಸಿದೆವು ಎಂಬ ಮೂರು ಸಾಲು ಸಾಕು. ಬೆಲೆ ಕೇಳುವವನು ಎದುರಿಗೆ ಕುಳಿತಾಗ ಮನಸ್ಸು ವಕೀಲನಾಗುತ್ತದೆ; ಮೊದಲೇ ಬರೆದಿಟ್ಟ ಚೀಟಿ ಸಾಕ್ಷಿಯಾಗುತ್ತದೆ. ಟ್ರಸ್ಟಿನವರಲ್ಲಿಯೂ ಒಂದು ಮಾತು. ವಸ್ತುವನ್ನು ಮಾರಿ ತಂದ ಹಣವನ್ನು ದಾನವಾಗಿ ಸ್ವೀಕರಿಸುವಾಗ, ಕೊಂಡವರಿಗೆ ಎಲ್ಲವನ್ನೂ ಹೇಳಿದ್ದೀರಾ ಎಂದು ದಾತಾರನನ್ನು ಒಮ್ಮೆ ಕೇಳಿ. ನಮ್ಮ ಅಧ್ಯಕ್ಷರು ಈಗ ಕೇಳುತ್ತಾರೆ. ಇದರಿಂದ ಯಾರೂ ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಗರ್ಭಗೃಹದ ಚಾವಣಿ ಮುಂದಿನ ವರ್ಷ ಸರಿಯಾಯಿತು. ನಾನು ಈಗ ಗೋಡೆಯ ಕ್ವಾರ್ಟ್ಸ್ ಗಡಿಯಾರವನ್ನು ನೋಡಿ ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತೇನೆ. ಅದು ಸೆಕೆಂಡಿಗೆ ಒಂದೇ ಸಲ ಬಡಿಯುತ್ತದೆ. ಎರಡು ಗಳಿಗೆಗೆ 2,880. ಅಜ್ಜನ ಗಡಿಯಾರ ಪುಣೆಯಲ್ಲಿ ನಡೆಯುತ್ತಿದೆಯೆಂದು ಅದರ ಒಡೆಯರು ವರ್ಷಕ್ಕೊಮ್ಮೆ, ಕ್ಷಮಾವಣಿಯ ಸುಮಾರಿಗೆ, ನನಗೆ ತಿಳಿಸುತ್ತಾರೆ. ಅವರು ನಮ್ಮವರಲ್ಲ, ಆ ದಿನದ ಮಹತ್ವವನ್ನು ನನ್ನ ಪತ್ರದಿಂದ ತಿಳಿದವರು. ಗಡಿಯಾರವನ್ನು ನೋಡಲು ಬಂದವರಿಗೆಲ್ಲ ಅವರು ಮೊದಲು ಹಿಂದಿನ ಮುಚ್ಚಳ ತೆಗೆದು ಕಾಗದವನ್ನು ತೋರಿಸುತ್ತಾರಂತೆ.